ಕೂಗಾಡುವ ಕೆಲಸದ ಲಿಫ್ಟಣ್ಣ

ನಮ್ಮ ಆಸ್ಪತ್ರೆಯಲ್ಲಿ ಲಿಫ್ಟಣ್ಣ ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದರು. ನಿವೃತ್ತರಾದ ಮೇಲೆ ಅವರಿಗೆ ಸಿಕ್ಕಿದ್ದು ಕೂಗಾಡುವ ಕೆಲಸ. ರೇಗುವ, ಕೈಯೆತ್ತುವ ರೋಗಿಗಳನ್ನು ಹೇಗೆ ಸಂಭಾಳಿಸಬೇಕೆಂದು ನರ್ಸುಗಳಿಗೆ ತರಬೇತಿ ಕೊಡುವಾಗ ಆ ರೋಗಿಯಾಗಿ ನಟಿಸುವವರು ಅವರೇ. ತರಬೇತಿ ನಡೆಸುವ ಹಿರಿಯ ಸಿಸ್ಟರ್ ಬೇಕೆಂದೇ ಅವರನ್ನು ಆರಿಸಿದ್ದು. ಡಾಕ್ಟರು ತಡವಾಗಲಿ, ರಿಪೋರ್ಟ್ ಬಾರದಿರಲಿ, ನಾಲ್ಕನೆಯ ಮಹಡಿ ಮುಟ್ಟುವಷ್ಟರಲ್ಲಿ ಜನ ಸಿಟ್ಟನ್ನೆಲ್ಲ ಲಿಫ್ಟಣ್ಣನ ಮೇಲೇ ಕಾರುತ್ತಿದ್ದರಂತೆ. ಅವರಿಗೆ ಗೊತ್ತಿಲ್ಲದ ಸಿಟ್ಟಿನ ಜಾತಿಯೇ ಇಲ್ಲ.

ಹಾಗಂತ ಮನುಷ್ಯ ಬೆಣ್ಣೆ. ಒಮ್ಮೆ ಊಟದ ಡಬ್ಬಿ ತಂದ ಅವರ ಹೆಂಡತಿ ಬಾಗಿಲಾಚೆಯಿಂದಲೇ ಅಬ್ಬರ ಕೇಳಿಸಿಕೊಂಡು, "ಇಷ್ಟು ದೊಡ್ಡ ಗಂಟಲಿಟ್ಕೊಂಡು ಆ ನೀರು ಬೆರೆಸೋ ಹಾಲಿನವನನ್ನ ಒಂದಿನಾನೂ ಕೇಳ್ಲಿಲ್ವಲ್ರೀ" ಎಂದು ಎಲ್ಲರೆದುರೇ ಮಾನ ತೆಗೆದಿದ್ದರು.

ಹೆರಿಗೆ ರಜೆ ಮುಗಿಸಿ ನಾನು ಆ ತರಬೇತಿಗೆ ಬಂದಾಗ ಮಗುವಿಗೆ ಎಂಟು ತಿಂಗಳು. ರಜೆಗೆ ಮೊದಲು ಗಂಡಸರ ವಾರ್ಡಿನಲ್ಲಿ ಒಬ್ಬ ರೋಗಿ ನನ್ನ ಮಣಿಕಟ್ಟು ತಿರುಚಿದ್ದ. ಈಗ ಪಾಸಾದರೆ ಮತ್ತೆ ಅದೇ ವಾರ್ಡು, ಇಲ್ಲದಿದ್ದರೆ ದಾಖಲೆ ಕೋಣೆಯ ಕಡತಗಳು. ನನಗೆ ವಾರ್ಡೇ ಬೇಕಿತ್ತು. ಬೆಳಗಿನಿಂದ ಐದು ಸಲ ಮನೆಗೆ ಫೋನ್ ಮಾಡಿ, ಮಲಗಿರೋ ಮಗೂನ ನೀನೇ ಎಬ್ಬಿಸಬೇಡ ಎಂದು ಅತ್ತೆಯಿಂದ ಬೈಸಿಕೊಂಡದ್ದೂ ಆಗಿತ್ತು.

ನನ್ನ ಸರದಿ ಬಂತು. ಡ್ರಿಪ್ ಕಿತ್ತು ಮನೆಗೆ ಹೋಗ್ತೀನಿ ಎನ್ನುತ್ತ ಲಿಫ್ಟಣ್ಣ ಮಂಚದಿಂದೆದ್ದರು. ನಾನು ಅಂಬೆಗಾಲಿಡುವ ಮಗುವನ್ನು ತಡೆಯುವ ಹಾಗೆ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತು, ಸಮಾಧಾನ, ಸಮಾಧಾನ ಎಂದು ಜಪ ಶುರು ಮಾಡಿದೆ. ಅವರು ನುಗ್ಗಿ ಬಂದು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ನಾನು ಮಣಿಕಟ್ಟು ಬೆನ್ನ ಹಿಂದೆ ಅಡಗಿಸಿಕೊಂಡು ಕಣ್ಣು ಮುಚ್ಚಿದೆ. ಹಿರಿಯ ಸಿಸ್ಟರ್ ನಾಪಾಸು ಬರೆಯಲು ಪೆನ್ನಿನ ಮುಚ್ಚಳ ತೆಗೆದರು.

ಲಿಫ್ಟಣ್ಣ ನನಗಾಗಿ ಸಿಸ್ಟರ್ ಹತ್ತಿರ ಇನ್ನೊಂದು ಅವಕಾಶ ಕೇಳಿ, ನನ್ನತ್ತ ತಿರುಗಿದರು.

"ದಾರಿ ಕಟ್ಟಿದ್ರೆ ಎಂಥವರೂ ಗುದ್ದಿಕೊಂಡೇ ಹೋಗ್ತಾರೆ ತಾಯಿ. ಲಿಫ್ಟಿನಲ್ಲಿ ನಾನು ಮೊದಲು ಬಾಗಿಲು ಬಿಟ್ಟು ಪಕ್ಕಕ್ಕೆ ಸರೀತಿದ್ದೆ. ಮಾತು ಆಮೇಲೆ."

ಎರಡನೆಯ ಸಲ ಬಾಗಿಲು ಬಿಟ್ಟು ಎರಡು ಹೆಜ್ಜೆ ದೂರ ನಿಂತೆ. ಸುಮ್ಮನಿರುವುದು ನನಗೆ ಒಲಿದ ವಿದ್ಯೆಯಲ್ಲ. ಬಾಯಿ ಬಿಗಿಹಿಡಿದು ಅವರ ಕೂಗು ಮುಗಿಯುವವರೆಗೂ ಕಾದೆ. ಅವರು ದಿಂಬೆತ್ತಿ ಎಸೆಯಲು ಹೊರಟಾಗ ಕೇಳಿದೆ:

"ಯಾರಿಗಾದ್ರೂ ಕಾಯ್ತಿದ್ದೀರಾ, ಯಜಮಾನ್ರೇ?"

ದಿಂಬು ಅವರ ಕೈಯಲ್ಲೇ ನಿಂತಿತು. ಮಗಳು ಬೆಳಿಗ್ಗೆಯೇ ಬರ್ತೀನಿ ಅಂದಿದ್ದಳು ಎಂದರು. ರೋಗಿಯ ಪಾತ್ರಕ್ಕೆಂದು ಸಿಸ್ಟರ್ ಬರೆದುಕೊಟ್ಟ ಹಾಳೆಯಲ್ಲಿ ಆ ಮಾತೇ ಇರಲಿಲ್ಲವಂತೆ. ಫೋನ್ ಮಾಡಿ ನೋಡೋಣ, ಬನ್ನಿ ಎಂದೆ. ಲಿಫ್ಟಣ್ಣ ಮೆಲ್ಲಗೆ ಹಿಂದೆ ಸರಿದು ಮಂಚದ ಮೇಲೆ ಕೂತರು.

"ಇವರನ್ನ ವಾರ್ಡಿಗೇ ಕಳಿಸಿ ಸಿಸ್ಟರ್," ಎಂದರು. "ನನಗೇ ಆಮೇಲೆ ಕೂಗೋಕೆ ಬಾಯಿ ಬರ್ಲಿಲ್ಲ."

ಹಿರಿಯ ಸಿಸ್ಟರ್ ಅಲ್ಲೇ ಸೋಮವಾರದ ಪಾಳಿಪಟ್ಟಿ ತೆಗೆದು ಗಂಡಸರ ವಾರ್ಡಿನ ಸಾಲಿನಲ್ಲಿ ನನ್ನ ಹೆಸರು ಬರೆದರು. ಅಷ್ಟರಲ್ಲಿ ಲಿಫ್ಟಣ್ಣ ಬಿಸಿನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಮುಂದಿನವಳು ಯಾರಮ್ಮಾ ಎಂದು ಕೇಳುತ್ತಿದ್ದರು.