ಸಿಗದ ಪುಸ್ತಕಗಳ ವಹಿ

ಮೊನ್ನೆ ಮೊಮ್ಮಗಳ ಪುಸ್ತಕದ ಬೆನ್ನು ಕಿತ್ತುಬಂದಿತ್ತು. ಮೈದಾ ಹಿಟ್ಟಿಗೆ ಚಿಟಿಕೆ ಮೈಲುತುತ್ತ ಹಾಕಿ ಅಂಟು ಕುದಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕುಬಿಹಾಳದ ವಾಚನಾಲಯದ ಕಾಕಾ ಕಣ್ಣೆದುರು ನಿಂತರು...

ಎಪ್ಪತ್ತರ ದಶಕ. ನಾನು ಆ ಊರಿಗೆ ಹೊಸದಾಗಿ ಬಂದ ಶಿಕ್ಷಕಿ, ಎಲ್ಲರ ಬಾಯಲ್ಲಿ ಅಕ್ಕೋರು. ಕಾಕಾ ಓದಿದ್ದು ಏಳನೆಯ ಇಯತ್ತೆ. ಎರಡು ಕಪಾಟು ಪುಸ್ತಕಕ್ಕೆ ಅವರೇ ಗ್ರಂಥಪಾಲಕ, ಅವರೇ ಕಸ ಹೊಡೆಯುವವರು, ಹರಿದ ಪುಸ್ತಕಕ್ಕೆ ಇದೇ ಅಂಟು ಕುದಿಸಿ ಹಚ್ಚುವವರೂ ಅವರೇ. ಆದರೆ ಬೇರೆಲ್ಲೂ ಕಾಣದ ಒಂದು ವಹಿ ಅವರ ಬಳಿ ಇತ್ತು. ಜನ ಬಂದು ಕೇಳಿ, ಕಪಾಟಿನಲ್ಲಿ ಸಿಗದೆ ಹೋದದ್ದನ್ನೆಲ್ಲ ಅದರಲ್ಲಿ ಬರೆದಿಡುತ್ತಿದ್ದರು. ಮೆಣಸಿನ ಗಿಡದ ಎಲೆ ಮುದುಡಿದರೆ ಏನು ಮಾಡಬೇಕು, ಕಚೇರಿಗೆ ಅರ್ಜಿ ಬರೆಯುವುದು ಹೇಗೆ, ಹೆರಿಗೆಯಾದ ಮೇಲೆ ಸುಮ್ಮಸುಮ್ಮನೆ ಅಳು ಯಾಕೆ ಬರುತ್ತದೆ... ಈ ಕೊನೆಯದನ್ನು ಕೇಳಿದಾಕೆ ಒಳಗೆ ಬಾರದೆ ಬಾಗಿಲಲ್ಲೇ ನಿಂತಿದ್ದಳಂತೆ. ಅಂಥ ನಾಲ್ಕು ವಹಿ ತುಂಬಿದ್ದವು.

ಗ್ರಂಥಾಲಯದವರ ಸಂಶೋಧನೆಗೆ ಧನಸಹಾಯ ಕೊಡುತ್ತಾರೆಂದು ಪತ್ರಿಕೆಯಲ್ಲಿ ಓದಿ ಕಾಕಾ ಹುರುಪುಗೊಂಡರು. ದುಮ್ಮವಾಡ, ತಂಬೂರದ ಕಡೆಯೂ ಒಂದು ವರ್ಷ ತಿರುಗಿ, ಓದು ಬಾರದವರನ್ನೂ ಕೇಳಿ, ಅವರಿಗೆ ಬೇಕಾದ ಪುಸ್ತಕ ತರಿಸಬೇಕೆಂಬ ಆಸೆ. ಅರ್ಜಿ ತುಂಬಲು ಕುಳಿತವಳು ನಾನು. ಪದವಿ ಪಡೆದವರೇ ಅರ್ಜಿ ಹಾಕಬೇಕೆಂದಿತ್ತು. ನಾನು ಜಾಣತನ ತೋರಿಸಿ, ಧಾರವಾಡದಲ್ಲಿ ನನಗೆ ಕಲಿಸಿದ್ದ ಪ್ರಾಧ್ಯಾಪಕರ ಹೆಸರು ಹಾಕೋಣ ಎಂದೆ. ಪ್ರಾಧ್ಯಾಪಕರೂ ಒಪ್ಪಿದರು.

"ಅಕ್ಕೋರ, ಇದರಾಗ ನನ್ನ ಹೆಸರ ಎಲ್ಲೈತ್ರಿ?" ಎಂದರು ಕಾಕಾ.

ಸಹಾಯಕರ ಸಾಲಿನಲ್ಲಿ ತೋರಿಸಿದೆ. ಕಾಕಾ ಆ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿ ಅರ್ಜಿ ಮರಳಿ ಕೊಟ್ಟರು.

ಹಣ ಮಂಜೂರಾಯಿತು. ಪ್ರಾಧ್ಯಾಪಕರು ಒಮ್ಮೆ ಬಂದು, ಚಹಾ ಕುಡಿದು, ನಾಲ್ಕೂ ವಹಿ ಒಯ್ದರು. ಆಮೇಲೆ ಸುದ್ದಿಯಿಲ್ಲ. ಕಾಕಾ ಹೇಳಿದಂತೆ ಮೂರು ಪತ್ರ ಬರೆದೆ, ಉತ್ತರ ಬರಲಿಲ್ಲ. ವರದಿ ಆ ಪ್ರಾಧ್ಯಾಪಕರ ಹೆಸರೊಂದರಲ್ಲೇ ಅಚ್ಚಾಯಿತೆಂದು ಯಾರೋ ಹೇಳಿದರು. ನಮ್ಮ ಕಪಾಟಿಗೆ ಒಂದು ಪುಸ್ತಕವೂ ಬರಲಿಲ್ಲ.

ಐದನೆಯ ವಹಿ ಖಾಲಿಯೇ ಉಳಿಯಿತು. ಯಾರು ಏನು ಕೇಳಿದರೂ ಕಾಕಾ ಇಲ್ಲ ಅಂದು ಕಳಿಸಿಬಿಡುತ್ತಿದ್ದರು. ಬರೆದುಕೊಳ್ಳಿ ಕಾಕಾ ಎಂದೆ ಒಮ್ಮೆ.

"ಬರದು ಯಾರಿಗೆ ಕೊಡ್ಲಿರಿ, ಅಕ್ಕೋರ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನ್ನ ಮನಸ್ಸಾದರೂ ಹಗುರಾಗುತ್ತಿತ್ತು. ಮುಂದೆ ನನಗೆ ಅಣ್ಣಿಗೇರಿಗೆ ವರ್ಗವಾಯಿತು. ಕಾಕಾ ತೀರಿಕೊಂಡದ್ದು ತಿಂಗಳಾದ ಮೇಲೆ ತಿಳಿಯಿತು...

ಈಗ ನಾನೂ ಮುದುಕಿ. ಈ ಕಥೆ ಹೇಳುವಾಗೆಲ್ಲ ಪ್ರಾಧ್ಯಾಪಕರ ತಪ್ಪನ್ನೇ ಹೇಳುತ್ತ ಬಂದಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಒಂದಿದೆ. ಆ ದಿನಗಳಲ್ಲಿ ತಿಂಗಳಿಗೊಮ್ಮೆ ಧಾರವಾಡದ ತವರಿಗೆ ಹೋಗುವಾಗ ಪ್ರಾಧ್ಯಾಪಕರ ಮನೆಯ ಮುಂದೆಯೇ ಹಾದು ಹೋಗುತ್ತಿದ್ದೆ. ಗುರುಗಳನ್ನು ಹೇಗೆ ಕೇಳುವುದೆಂದು ಅಂಜಿ ಒಮ್ಮೆಯೂ ಬಾಗಿಲು ತಟ್ಟಲಿಲ್ಲ. ಹೋಗಿ ಕೇಳಿದಿರಾ ಎಂದು ಕಾಕಾ ನನ್ನನ್ನು ಒಮ್ಮೆಯೂ ಕೇಳಲಿಲ್ಲ.