ಗುಮ್ಮಟ ಹುಡುಕಿ ಸುಸ್ತಾದ ಅನ್ವರ್

ಮೈಸೂರಿನ ಅನ್ವರ್‌ಗೆ ಅಮೆರಿಕದ ಸನ್ನಿವೇಲ್‌ನಲ್ಲಿ ಅಡುಗೆಕಟ್ಟೆಗೆ ಕಲ್ಲು ಹಾಸಿಕೊಡುವ ಅಂಗಡಿ. ಕಲ್ಲು ನೋಡಲು ಚೀನಾಕ್ಕೆ ಹೋಗಿ ನಿನ್ನೆಯಷ್ಟೇ ಮರಳಿದ್ದ. ವಿಮಾನದಲ್ಲಿ ಊದಿದ ಕಾಲು ಇನ್ನೂ ಇಳಿದಿರಲಿಲ್ಲ. ಆದರೂ ಹೆಂಡತಿ ಖಾಲಿದಾ ಅವನನ್ನು ತನ್ನ ಚಿಕ್ಕಪ್ಪ ದಸ್ತಗೀರ ಸಾಹೇಬರ ಮುಂದೆ ತಂದು ಕೂರಿಸಿದ್ದಳು.

ಅಲ್ಲಿನ ಜಮಾತಿನವರು ಮಸೀದಿ ಮಾಡಲೆಂದು ಹಳೆಯ ಗೋದಾಮೊಂದನ್ನು ಕೊಂಡಿದ್ದರು. ಭೂಕಂಪದ ನಾಡು, ಆ ಗೋಡೆಗಳು ಗುಮ್ಮಟ ಹೊರಲಾರವು ಎಂದಿದ್ದ ಎಂಜಿನಿಯರು. ಗುಮ್ಮಟವಿಲ್ಲದ ನಕ್ಷೆಗೆ ಎಲ್ಲರೂ ಒಪ್ಪಿದ್ದರು, ವಿಜಯಪುರದ ಈ ಹಿರಿಯರೊಬ್ಬರನ್ನು ಬಿಟ್ಟು. ಅವರು ಹ್ಞೂ ಅನ್ನದಿದ್ದರೆ ಈ ರಮಜಾನಿಗೂ ನಮಾಜಿಗೆ ಬಾಡಿಗೆ ಸಭಾಂಗಣವೇ ಗತಿ.

"ಗುಮ್ಮಟಿಲ್ಲದ ಮಸೂತಿ ಎಲ್ಲೈತಿ, ತೋರ್ಸು," ಅಂದರು ಸಾಹೇಬರು.

"ಚೀನಾದ ಶಿಯಾನ್‌ನಲ್ಲಿದೆ ಚಾಚಾ. ಮೊನ್ನೆ ಹೋಗಿದ್ದೆ."

ಹೋದದ್ದು ನಿಜ. ಇಳಿಹೊತ್ತಿನ ಅಸರ್ ನಮಾಜಿಗೆಂದು ಆ ಹಳೆಯ ಮಸೀದಿಗೆ ಹೊಕ್ಕವನಿಗೆ ಕಂಡದ್ದು ಮರದ ಕಮಾನು, ಮೂಲೆ ಮೇಲೆತ್ತಿದ ಹೆಂಚಿನ ಮಾಡು, ಅಂಗಳದಾಚೆ ಮತ್ತೊಂದು ಅಂಗಳ. ಯಾವುದೋ ಗುಡಿಗೆ ಬಂದೆನೆಂದುಕೊಂಡ. ಗುಮ್ಮಟ ಹುಡುಕಿ ಹುಡುಕಿ ಕಾಲು ಸೋತು, ಅಂತಸ್ತುಗಳಿದ್ದ ಮಂಟಪವೊಂದಕ್ಕೆ ಒರಗಿ ಕೂತ. ಬಿಳಿ ಟೋಪಿಯ ಮುದುಕನೊಬ್ಬನನ್ನು "ಮಸ್ಜಿದ್?" ಎಂದು ಕೇಳಿದರೆ, ಮುದುಕ ನಗುತ್ತ ಇವನ ತಲೆಯ ಮೇಲಕ್ಕೆ ಬೆರಳು ತೋರಿಸಿದ. ಅನ್ವರ್ ಒರಗಿದ್ದೇ ಮಿನಾರಿಗೆ. ಒಳಗೆ ಹೋದಾಗ ಮರದ ಗೋಡೆಯ ತುಂಬ ಕುರಾನನ್ನು ಕೆತ್ತಿದ್ದರು. ಎಲ್ಲರೂ ಕೂಡಿ ಮಾಡುವ ನಮಾಜು ಮುಗಿದಿತ್ತು. ಒಬ್ಬನೇ ನಮಾಜು ಮಾಡಿ ಬಂದ.

ಸಾಹೇಬರು ಎಲ್ಲವನ್ನೂ ಕೇಳಿದರು. "ಅಂಥಾದ್ರಾಗ ಮಾಡಿದ್ದು ಅಲ್ಲಾಗ ಕಬೂಲ್ ಆಕ್ಕತೇನು?"

"ನಂಗೇನ್ ಗೊತ್ತು ಚಾಚಾ? ಗುಮ್ಮಟದ ಕೆಳಗೆ ಮಾಡಿದ್ದೇ ಕಬೂಲ್ ಆಯ್ತೋ ಇಲ್ವೋ, ಯಾರೂ ರಸೀದಿ ಕೊಟ್ಟಿಲ್ಲ."

"ನಮ್ಮ ಗೋಳಗುಮ್ಮಟ ನೋಡೀಯೇನು ನೀ?"

"ನೋಡಿದೀನಿ. ಅದರ ಕೆಳಗಿರೋದು ಗೋರಿ."

ಖಾಲಿದಾ ಚಹಾದ ಲೋಟಕ್ಕೆ ಮುಖ ಬಗ್ಗಿಸಿದಳು. ಸಾಹೇಬರು ತಮ್ಮ ಮೊಣಕಾಲು ನೀವಿಕೊಂಡರು.

"ಕೈಕಾಲು ತೊಳದು ವಜೂ ಮಾಡಾಕ ಕುಂದರೋ ಕಟ್ಟಿ ಎತ್ತರಕ್ಕ ಇರ್ಲಿ. ನನ್ನ ಕಾಲು ಮಡಚಂಗಿಲ್ಲ."

"ಆಯ್ತು."

"ಕಲ್ಲು ನಿನ್ನ ಅಂಗಡೀದ."

ಚೌಕಾಸಿಗಿಳಿದ ಗಿರಾಕಿಯ ದನಿ ಅನ್ವರ್‌ಗೆ ಗೊತ್ತಿತ್ತು. ಇದೇ ಅವರ ಹ್ಞೂ. "ಆಗ್ಲಿ ಚಾಚಾ," ಎಂದು ಸೋಫಾಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದ.

"ಮಲಗಬ್ಯಾಡೋ, ಕೇಳಿಲ್ಲಿ. ಜಾರಲಾರದಂಥಾ ಕಲ್ಲು ಹಾಕು."