ಮಾವನವರ ಕುರ್ಚಿ

ನಮ್ಮ ಅತ್ತೆ ಶಿವಬಸವ್ವನವರಿಗೆ ಒಂದೇ ಕೊರಗು. ನಮ್ಮಲ್ಲಿ, ಲಿಂಗಾಯತರಲ್ಲಿ, ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುವುದು ಪದ್ಧತಿ. 2014ರಲ್ಲಿ ಮಾವ ದಾನಪ್ಪನವರು ತೀರಿಕೊಂಡಾಗ ಈ ಪರದೇಶದಲ್ಲಿ ನಮ್ಮೂರು ಪ್ರಾಸ್ಪರ್ ಹತ್ತಿರದ ಪುಟ್ಟ ಸ್ಮಶಾನದವರು, ಪೆಟ್ಟಿಗೆಯಲ್ಲಿ ಮಲಗಿಸಿಯೇ ಹೂಳಬೇಕು ಎಂದುಬಿಟ್ಟರು. ಕ್ಯಾರಲ್ಟನ್ನಿನ ಕಿರಾಣಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ನಿಂತೇ ಮೊಣಕಾಲು ಸವೆಸಿಕೊಂಡ ಮನುಷ್ಯ ಅವರು. ಕೊನೆಗೂ ಕೂರಲಿಲ್ಲವಲ್ಲ ಎಂದು ಅತ್ತೆ ಹಲುಬುತ್ತಿದ್ದರು.

ಸಮಾಧಾನ ಹೇಳಲು ಬಂದ ಪಕ್ಕದ ಮನೆಯ ಮುದುಕಿ ನೋರೀನ್ ಬೆಂಕಿಗೆ ತುಪ್ಪ ಸುರಿದರು. ಅವರು ಹುಟ್ಟಿದ್ದು ಐರ್ಲೆಂಡಿನ ಒಂದು ಹಳ್ಳಿಯಲ್ಲಿ. ಅಲ್ಲಿ ಕಡೆಯದಾಗಿ ಹೂಳಿಸಿಕೊಂಡವರು ಮುಂದಿನ ಹೆಣ ಬರುವ ತನಕ ಸ್ಮಶಾನದ ಗೇಟು ಕಾಯಬೇಕಂತೆ. ಅವರ ಇಂಗ್ಲಿಷ್ ಅತ್ತೆಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಉಳಿದರ್ಧವನ್ನು ಬಿಡಿಸಿ ಹೇಳಿದ ನನ್ನ ಬುದ್ಧಿಗೆ ಏನು ಹೇಳಲಿ.

"ಅಂದ್ರ ಅವರು ಅಲ್ಲೂ ನಿಂತs ಇದ್ದಾರೇನು, ನಿಧಿ?" ಎಂದರು ಅತ್ತೆ.

ಅಂದಿನಿಂದ ಪ್ರತಿ ಭಾನುವಾರ ನಾನು ಕಾರು ತೆಗೆಯಬೇಕು, ಅವರು ಸ್ಮಶಾನದಲ್ಲಿ ಹೊಸ ಮಣ್ಣು ಹುಡುಕಬೇಕು. ಮೂರು ತಿಂಗಳಾದರೂ ಯಾರೂ ಬರಲಿಲ್ಲ.

"ಯಾರರೆ ಸಾಯ್ಲಿ ಅಂತ ಕಾಯಾಕ್ಹತ್ತೀರಲ್ರಿ ಅತ್ತಿ," ಎಂದು ಒಮ್ಮೆ ರೇಗಿದೆ. ಅವರ ಮುಖ ಸಣ್ಣದಾಯಿತು.

ಅಷ್ಟರಲ್ಲಿ ನೋರೀನ್ ನ್ಯುಮೋನಿಯಾ ಬಂದು ಆಸ್ಪತ್ರೆ ಸೇರಿದರು. ಅದೇ ಸ್ಮಶಾನದಲ್ಲಿ, ತಮ್ಮ ಗಂಡನ ಪಕ್ಕ, ಅವರಿಗೂ ಜಾಗ ಕಾದಿತ್ತು. ನಾವು ನೋಡಲು ಹೋದಾಗ ಆಕ್ಸಿಜನ್ ಮಾಸ್ಕ್ ಸರಿಸಿ, "ನಿನ್ನ ಗಂಡನಿಗೆ ಹೇಳು, ಡ್ಯೂಟಿ ಬದಲಾಯಿಸೋಕೆ ನಾನು ಬರ್ತಿದ್ದೀನಿ," ಎಂದು ನಕ್ಕರು. ಈ ಸಲ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಅತ್ತೆ ಹೆದರಿಬಿಟ್ಟಿದ್ದರು.

"ಸ್ಮಶಾನಕ್ಕ ನಡಿ," ಎಂದರು ಹೊರಗೆ ಬಂದು.

ನನ್ನ ಮಗನ ಸಾಕರ್ ಆಟ ನೋಡಲು ಒಯ್ಯುವ ಮಡಚುವ ಕುರ್ಚಿ ಡಿಕ್ಕಿಯಲ್ಲಿತ್ತು. ಅತ್ತೆ ಅದನ್ನು ತೆಗೆಸಿ, ಸ್ಮಶಾನದ ಗೇಟಿನ ಒಳಬದಿಯಲ್ಲಿ ಬಿಚ್ಚಿಟ್ಟು, ಸೆರಗಿನಿಂದ ಧೂಳು ಒರೆಸಿದರು.

"ಕುಂಡ್ರರಿ," ಎಂದರು ಮಾವನಿಗೆ. "ಆಕಿ ಬರೂದು ಬ್ಯಾಡ. ಯಾರೂ ಬರೂದು ಬ್ಯಾಡ. ಎಷ್ಟ ವರ್ಷ ಆದ್ರೂ ಆಗ್ಲಿ, ಕುಂತs ಕಾಯ್ರಿ."

ಹತ್ತು ದಿನಕ್ಕೆ ನೋರೀನ್ ಮನೆಗೆ ಬಂದರು. ನನಗೆ ಹೋದ ಜೀವ ಬಂದಂತಾಯಿತು. ಅತ್ತೆ ಬಿಸಿ ರೊಟ್ಟಿ ಒಯ್ದು ಅವರ ಮುಂದಿಟ್ಟು, ಕೈ ಹಿಡಿದುಕೊಂಡರು.

"ಪಾಪ, ನಿನ್ನ ಗಂಡ ಇನ್ನೂ ನಿಂತೇ ಇದ್ದಾನಲ್ಲ," ಎಂದರು ನೋರೀನ್.

"ನಿಂತಿಲ್ಲ," ಎಂದರು ಅತ್ತೆ. "ಕುಂಡ್ರಿಸಿ ಬಂದೀನಿ."